ಶುಕ್ರನ ನಕ್ಷೆಯ ಕಪ್ಪು ಪಟ್ಟಿಗಳು

ಅನಸೂಯ ಮೇಡಂ ಹಣೆಗೆ ಕಾಡಿಗೆಯ ಕಪ್ಪು ಬೊಟ್ಟು ಇಡುತ್ತಿದ್ದರು. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕೋಲಾರದ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸಿದಷ್ಟು ವರ್ಷವೂ ಸ್ಟಾಫ್ ರೂಮಿನಲ್ಲಿ ಆ ಬೊಟ್ಟಿನ ಬಗ್ಗೆ ನಡೆದಷ್ಟು ಚರ್ಚೆ ಪಾಠದ ಬಗ್ಗೆ ನಡೆಯಲಿಲ್ಲ. ಕೆಂಪು ಕುಂಕುಮವಿದ್ದರೆ ಗಂಡ ಇದ್ದಾನೆಂದು ಅರ್ಥ. ಬರಿ ಹಣೆಯಾದರೆ ಇಲ್ಲವೆಂದು. ಇವರದು ಎರಡೂ ಅಲ್ಲ. ಶ್ರಾವಣದಲ್ಲಿ ಯಾರಾದರೂ ಅರಿಶಿನ ಕುಂಕುಮದ ತಟ್ಟೆ ತಂದರೆ, ಸಾಲಾಗಿ ಎಲ್ಲರಿಗೂ ಕೊಟ್ಟುಕೊಂಡು ಬಂದ ಕೈ ಇವರ ಮುಂದೆ ಅರ್ಧಕ್ಕೇ ನಿಲ್ಲುತ್ತಿತ್ತು. ಮೇಡಂ ಆ ಕೈಯನ್ನು ಹೆಚ್ಚು ಹೊತ್ತು ಕಾಯಿಸುತ್ತಿರಲಿಲ್ಲ. ಲ್ಯಾಬಿಗೆ ಬೀಗ ಹಾಕಿಲ್ಲ ಎಂದು ಎದ್ದು ಹೋಗಿಬಿಡುತ್ತಿದ್ದರು. ಬೀಗದ ಕೈ ಮೇಜಿನ ಮೇಲೇ ಬಿದ್ದಿರುತ್ತಿತ್ತು.

ಅವರ ಗಂಡ ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಕೆಲಸಕ್ಕಿದ್ದವರು. ಒಂದು ಮಾವಿನ ಕಾಲದಲ್ಲಿ ಉತ್ತರದ ಕಡೆಗೆ ಹೊರಟ ಲೋಡಿನ ಜೊತೆ ಲಾರಿ ಹತ್ತಿದರು. ಲೋಡು ತಲುಪಿತು, ಅವರು ತಲುಪಲಿಲ್ಲ. ದಾರಿಯಲ್ಲಿ ಯಾವುದೋ ಢಾಬಾದ ಹತ್ತಿರ ಟೀಗೆ ಇಳಿದವರು ಮತ್ತೆ ಹತ್ತಲೇ ಇಲ್ಲ ಎಂದು ಡ್ರೈವರ್ ಹೇಳಿದ. ಪೊಲೀಸರಿಗೆ ದೂರು ಕೊಟ್ಟಾಯಿತು, ಮೈದುನ ಎರಡು ಸಲ ಅಷ್ಟು ದೂರ ಹೋಗಿ ಬಂದದ್ದೂ ಆಯಿತು. ಆಮೇಲೆ ಊರಿನವರು ತಮ್ಮ ಕೆಲಸ ಶುರುಮಾಡಿದರು. ತಿರುಪತಿಯಲ್ಲಿ ಬೋಳು ತಲೆಯಲ್ಲಿ ಕಂಡರು ಎಂದು ಒಬ್ಬರು, ಮದನಪಲ್ಲಿಯ ಟೊಮೆಟೊ ಮಾರ್ಕೆಟ್ಟಿನಲ್ಲಿ ಕಂಡರು ಎಂದು ಇನ್ನೊಬ್ಬರು, ಬೊಂಬಾಯಿಯಲ್ಲಿ ಬೇರೆ ಸಂಸಾರವೇ ಇದೆಯಂತೆ ಎಂದು ಮತ್ತೊಬ್ಬರು. ಮೊದಮೊದಲು ಜನ ಹೇಳಿದ ಕಡೆಗೆಲ್ಲ ಮೇಡಂ ಹೋಗಿ ಹುಡುಕಿದರಂತೆ. ಬರಬರುತ್ತಾ ಹೋಗುವುದನ್ನು ಬಿಟ್ಟು, ಹೇಳಲು ಬಂದವರಿಗೆ ಕಾಫಿ ಕೊಟ್ಟು ಕಳಿಸುವುದನ್ನು ಕಲಿತರು. ಮಕ್ಕಳಿರಲಿಲ್ಲ. ಅತ್ತೆಯ ಜೊತೆ ಶ್ರೀನಿವಾಸಪುರದ ಮನೆಯಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಬರುತ್ತಿದ್ದರು.

ತವರು ಆಂಧ್ರದ ಗಡಿಯ ರಾಯಲ್ಪಾಡು. ಹಾಗಾಗಿ ಮನೆಮಾತು ತೆಲುಗು. ಪಾಠವನ್ನೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳುತ್ತಿದ್ದವರು ಒಂದೇ ಒಂದು ಮಾತನ್ನು ಮಾತ್ರ ತೆಲುಗಿನಲ್ಲಿ ಹೇಳುತ್ತಿದ್ದರು. ‘ತೆಲೀದು.’ ಗೊತ್ತಿಲ್ಲ ಎಂದು. ಬೇರೆ ಮೇಷ್ಟರುಗಳು ಗೊತ್ತಿಲ್ಲದ ಪ್ರಶ್ನೆ ಬಂದರೆ ಗದರುತ್ತಿದ್ದರು, ಇಲ್ಲವೇ ನಾಳೆ ಹೇಳುತ್ತೇನೆ ಎನ್ನುತ್ತಿದ್ದರು. ಇವರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ಎರಡೂ ಕೈ ಬಿಡಿಸಿ ತೋರಿಸಿ, ‘ತೆಲೀದಮ್ಮಾ’ ಎನ್ನುತ್ತಿದ್ದರು. ನಾವು ಹುಡುಗಿಯರು ಹಿಂದಿನಿಂದ ಅವರಿಗೆ ತೆಲೀದು ಮೇಡಂ ಎಂದೇ ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು.

ಶುಕ್ರಗ್ರಹದ ಹುಚ್ಚು ಅವರಿಗೆ ಯಾವಾಗ ಹಿಡಿಯಿತೋ ನಾನರಿಯೆ. ನಾನು ಬಿ.ಎಸ್ಸಿ.ಗೆ ಸೇರುವ ಹೊತ್ತಿಗಾಗಲೇ ಅದು ಪೂರಾ ಹಿಡಿದಿತ್ತು. ಶುಕ್ರನ ಸುತ್ತ ದಟ್ಟ ಮೋಡ. ಎಂಥ ಕ್ಯಾಮರಾ ಕಳಿಸಿದರೂ ಮೋಡದ ಚಿತ್ರ ಬರುತ್ತದೆಯೇ ಹೊರತು ನೆಲದ್ದು ಬರುವುದಿಲ್ಲ. ಮತ್ತೆ ನೆಲ ನೋಡುವುದು ಹೇಗೆ ಎಂದು ನಮ್ಮನ್ನೇ ಕೇಳಿದರು. ಕತ್ತಲೆ ಬಾವಿಯಲ್ಲಿ ನೀರಿದೆಯೋ ಇಲ್ಲವೋ ನಿಮ್ಮೂರಲ್ಲಿ ಹೇಗೆ ನೋಡ್ತೀರಿ ಎಂದರು. ಕಲ್ಲು ಹಾಕ್ತೀವಿ ಎಂದೆ ನಾನು. ಅಷ್ಟೇ ಎಂದರು. ನೌಕೆ ಶುಕ್ರನನ್ನು ಸುತ್ತುತ್ತಾ ರೇಡಿಯೋ ಅಲೆಯನ್ನು ಕೆಳಕ್ಕೆ ಎಸೆಯುತ್ತದೆ. ಅಲೆಗೆ ಮೋಡದ ಹಂಗಿಲ್ಲ. ನೆಲಕ್ಕೆ ಬಡಿದು ವಾಪಸ್ ಬರುತ್ತದೆ. ಬಂದದ್ದನ್ನು ಕೇಳಿ ಚಿತ್ರ ಮಾಡುವುದು. ಒರಟು ನೆಲದಿಂದ ಜೋರಾಗಿ ಬರುತ್ತದೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನುಣುಪು ನೆಲದ ಮೇಲೆ ಅಲೆ ಜಾರಿ ಆಚೆ ಹೋಗಿಬಿಡುತ್ತದೆ, ಅದು ಕಪ್ಪಗೆ ಕಾಣುತ್ತದೆ. ನೆಲ ನೋಡಲು ಬೆಳಕೇ ಬೇಡ, ಉತ್ತರ ಬಂದರೆ ಸಾಕು ಎಂದರು.

ಮೂವತ್ತು ವರ್ಷಕ್ಕೂ ಹಿಂದೆ ಅಮೆರಿಕದವರು ಕಳಿಸಿದ್ದ ಅಂಥ ಒಂದು ನೌಕೆಯ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಮೇಡಂ ಅವನ್ನು ಇಳಿಸಿಕೊಂಡು, ಉದ್ದುದ್ದ ಕಾಗದದ ಮೇಲೆ ಪ್ರಿಂಟು ಹಾಕಿ, ಲ್ಯಾಬಿನಲ್ಲಿ ಕಟ್ಟಿದ್ದ ದಾರಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಿಗಿಸಿ ನೇತುಹಾಕುತ್ತಿದ್ದರು. ನೌಕೆಯ ಒಂದು ಸುತ್ತಿಗೆ ಒಂದು ಪಟ್ಟಿ. ನೌಕೆ ಒಂದು ಸಲ ಹಾದುಹೋದಾಗ ಕಿರಿದಾದ ಒಂದು ಪಟ್ಟಿಯಷ್ಟು ನೆಲ ಮಾತ್ರ ಕಾಣುತ್ತದೆ. ಅಷ್ಟರಲ್ಲಿ ಕೆಳಗೆ ಗ್ರಹ ನಿಧಾನವಾಗಿ ತಿರುಗಿರುತ್ತದೆ. ಮುಂದಿನ ಸುತ್ತಿಗೆ ಪಕ್ಕದ ಪಟ್ಟಿ. ಹೀಗೆ ಪಟ್ಟಿ ಪಕ್ಕ ಪಟ್ಟಿ ಇಟ್ಟು ಇಡೀ ಗ್ರಹ. ಆ ನೌಕೆಗೆ ದೊಡ್ಡ ತಟ್ಟೆಯಂಥ ಆಂಟೆನಾ ಇದ್ದದ್ದು ಒಂದೇ. ನೆಲವನ್ನು ನೋಡುವುದೂ ಅದರಲ್ಲೇ, ಭೂಮಿಯ ಕಡೆ ತಿರುಗಿ ಕಂಡದ್ದನ್ನು ಹೇಳುವುದೂ ಅದರಲ್ಲೇ. ನೋಡುವಾಗ ಮಾತಾಡುವಂತಿಲ್ಲ, ಮಾತಾಡುವಾಗ ನೋಡುವಂತಿಲ್ಲ. ನಮ್ಮ ಸ್ಟಾಫ್ ರೂಮಿಗೂ ಅಂಥದ್ದೇ ಏನಾದರೂ ಏರ್ಪಾಟು ಮಾಡಬೇಕು ಎಂದು ಮೇಡಂ ಒಮ್ಮೆ ಮೆಲ್ಲಗೆ ಅಂದದ್ದುಂಟು.

ಆ ನಕ್ಷೆಯಲ್ಲಿ ಅಲ್ಲಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟಿಗಳಿದ್ದವು. ಇವು ನುಣುಪು ನೆಲದ ಕಪ್ಪಲ್ಲ. ಅದರಲ್ಲಿ ಎಷ್ಟೇ ಮಂಕಾದರೂ ಏನೋ ಒಂದು ಇರುತ್ತದೆ. ಇದರಲ್ಲಿ ಏನೂ ಇಲ್ಲ. ಉತ್ತರ ಬಾರದ ಜಾಗಗಳು. ಕೆಲವು ಸಲ ನೌಕೆಯೇ ಕೆಟ್ಟಿತ್ತು, ಕೆಲವು ಸಲ ಭೂಮಿಗೂ ಶುಕ್ರನಿಗೂ ನಡುವೆ ಸೂರ್ಯ ಅಡ್ಡ ಬಂದು ಮಾತು ಕಡಿದಿತ್ತು. ಎಷ್ಟೋ ಪಟ್ಟಿಗಳನ್ನು ಮುಂದಿನ ಸುತ್ತುಗಳಲ್ಲಿ ತುಂಬಿಕೊಂಡರು, ಕೆಲವು ಹಾಗೇ ಉಳಿದುಕೊಂಡವು. ಕೊನೆಗೆ ನೌಕೆಯನ್ನೇ ಶುಕ್ರನ ಮೋಡದೊಳಕ್ಕೆ ಇಳಿಸಿ ಮುಗಿಸಿದರು.

ಶ್ರೀನಿವಾಸಪುರದ ಬಸ್ಸಿನಲ್ಲಿ ಬರುವಾಗಲೂ ಹೋಗುವಾಗಲೂ ಮೇಡಂ ಎಡಗಡೆ ಕಿಟಕಿಯಲ್ಲೇ ಕೂರುತ್ತಿದ್ದರು. ಬೆಳಿಗ್ಗೆ ರಸ್ತೆಯ ಒಂದು ಮಗ್ಗುಲು, ಸಂಜೆ ಇನ್ನೊಂದು. ಒಂದೇ ಕಡೆಯಿಂದ ನೋಡಿದರೆ ಗುಡ್ಡದ ಈಚೆ ಇಳಿಜಾರು ಮಾತ್ರ ಕಾಣುತ್ತದೆ, ಅದೂ ಇದ್ದದ್ದಕ್ಕಿಂತ ಕುಗ್ಗಿ ಕಾಣುತ್ತದೆ, ರೇಡಾರಿನದೂ ಅದೇ ಕಷ್ಟ ಎನ್ನುತ್ತಿದ್ದರು. ಶುಕ್ರನ ಮೇಲೆ ಗುಳಿ, ಬಯಲು, ಪೀಠಭೂಮಿ ಎಲ್ಲಕ್ಕೂ ಹೆಂಗಸರ ಹೆಸರು, ನಮ್ಮ ಲಕ್ಷ್ಮಿಯ ಹೆಸರಿನದೂ ಒಂದು ಪೀಠಭೂಮಿ ಇದೆ ಎಂದು ನಾವು ಹಿಗ್ಗಿದರೆ, ಅಲ್ಲಿನ ಅತಿ ಎತ್ತರದ ಬೆಟ್ಟಕ್ಕೆ ಮಾತ್ರ ಗಂಡಸಿನ ಹೆಸರು, ಅದನ್ನೂ ನೋಡಿಕೊಳ್ಳಿ ಎಂದಿದ್ದರು.

ಓದು ಮುಗಿಸಿ ನಾನು ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ನಮ್ಮ ದೇಶದಿಂದಲೂ ಶುಕ್ರನಿಗೆ ರೇಡಾರ್ ಹೊತ್ತ ನೌಕೆ ಹೋಗುತ್ತದೆ ಎಂಬ ಸುದ್ದಿ ಬರತೊಡಗಿದ ಕಾಲ. ಬೆಂಗಳೂರಿನ ಸಂಸ್ಥೆಯೊಂದು ಹಳೆಯ ಚಿತ್ರಗಳ ಮೇಲೆ ಗುಳಿ, ಬಿರುಕು, ಲಾವಾ ಹರಿದ ಕಾಲುವೆಗಳನ್ನು ಗುರುತಿಸುವ ಕೆಲಸವನ್ನು ಕಾಲೇಜುಗಳಿಗೆ ಹಂಚಿತ್ತು. ಒಂದು ತುಂಡು ನೆಲ ನಮ್ಮ ಪಾಲಿಗೆ ಬಂತು. ಮೇಡಂ ಹುಡುಗಿಯರನ್ನು ಕೂರಿಸಿ ಗುರುತು ಹಾಕಿಸಿದರು. ನೋಡಿದರೆ ಎಲ್ಲರೂ ಒಂದೇ ತಪ್ಪು ಮಾಡಿದ್ದರು. ಒಂದು ಸಣ್ಣ ಲಾವಾ ಕಾಲುವೆ ಅಂಕುಡೊಂಕಾಗಿ ಬಂದು ಕಪ್ಪು ಪಟ್ಟಿಯೊಳಗೆ ಮರೆಯಾಗುತ್ತಿತ್ತು. ಪಟ್ಟಿಯ ಆಚೆ ಸ್ವಲ್ಪ ಕೆಳಗೆ ಇನ್ನೊಂದು ಕಾಲುವೆಯ ತುಂಡು, ಅದರ ತುದಿಯಲ್ಲಿ ನುಣುಪಾದ ಒಂದು ಕಪ್ಪು ಮಡು. ಹುಡುಗಿಯರು ಪಟ್ಟಿಯ ಮೇಲೆ ಗೆರೆ ಎಳೆದು ಎರಡೂ ಕಾಲುವೆ ಸೇರಿಸಿ ಮಡುವಿಗೆ ಬಿಟ್ಟಿದ್ದರು. ಯಾಕೆ ಅಂತ ನನಗೆ ತಕ್ಷಣ ತಿಳಿಯಿತು, ನಾನೂ ಅವರಂತೆ ಹಳ್ಳಿಯವಳೇ, ಸುಗಟೂರಿನವಳು. ನಮ್ಮ ಸೀಮೆಯಲ್ಲಿ ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು. ಕಾಲುವೆ ಕಂಡ ಮೇಲೆ ಅದರ ಕೊನೆಗೆ ಕೆರೆ ಇಲ್ಲದೆ ಇರುವುದುಂಟೇ? ನಾನು ಹುಡುಗಿಯರ ಪರವಾಗಿಯೇ ಮಾತಾಡಿದೆ. ಮೇಡಂ ಸಿಟ್ಟಾಗಲಿಲ್ಲ.

‘ಶೋಭಾ, ಅಲ್ಲಿ ನೀರೇ ಇಲ್ಲ ಕಣೇ, ಕೆರೆ ಎಲ್ಲಿಂದ ಬರುತ್ತೆ? ಇರಲಿ ಬಿಡು. ಈ ಕಾಲುವೆ ಆ ಕಾಲುವೆ ಒಂದೇ ಅಂತ ನಿಂಗೆ ಯಾರು ಹೇಳಿದ್ದು?’

‘ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ. ಇನ್ನೆಲ್ಲಿಗೆ ಹೋಗುತ್ತೆ?’

‘ಹೋಗ್ತಾ ಹೋಗ್ತಾ ಆರಿ ಗಟ್ಟಿಯಾಗಿ ನಿಂತಿರಬಹುದು. ಬೇರೆ ಕಡೆ ತಿರುಗಿರಬಹುದು. ತೆಲೀದು. ಉತ್ತರ ಬಂದಿಲ್ಲದ ಜಾಗಕ್ಕೆ ನೀನು ಉತ್ತರ ಬರೀಬೇಡ.’

ರಬ್ಬರು ತೆಗೆದುಕೊಂಡು ಪಟ್ಟಿಯ ಮೇಲಿನ ಗೆರೆಯನ್ನು ತಾವೇ ಅಳಿಸಿದರು. ಪಟ್ಟಿಯ ಈ ದಡದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಆ ದಡದಲ್ಲಿ ಒಂದು. ನಮ್ಮ ಕಾಲೇಜಿನಿಂದ ಹೋದಷ್ಟು ಪ್ರಶ್ನೆಯ ಗುರುತುಗಳು ಬೇರೆ ಯಾವ ಕಾಲೇಜಿನಿಂದಲೂ ಹೋಗಿರಲಾರವು.

ವಿಜ್ಞಾನದ ವಸ್ತುಪ್ರದರ್ಶನಕ್ಕೆ ಆ ನಕ್ಷೆಯನ್ನು ದೊಡ್ಡದಾಗಿ ಫ್ಲೆಕ್ಸ್ ಹಾಕಿಸುವುದೆಂದಾಯಿತು. ಬಸ್ ಸ್ಟ್ಯಾಂಡಿನ ಹಿಂದೆ ಮುಬಾರಕ್ ಎಂಬುವವರ ಅಂಗಡಿ. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಚುನಾವಣೆ ಎಲ್ಲಕ್ಕೂ ಅವರೇ. ನಾವು ತರಲು ಹೋದಾಗ ಬಿಚ್ಚಿ ತೋರಿಸಿದರು. ಶುಕ್ರ ಫಳಫಳ ಹೊಳೆಯುತ್ತಿದ್ದ. ಒಂದೂ ಕಪ್ಪು ಪಟ್ಟಿ ಇಲ್ಲ.

‘ಕಾಲಾ ಲೈನ್ ಬಿದ್ದಿತ್ತು ಮೇಡಂ, ಫೈಲೇ ಖರಾಬ್ ಬಂದಿದೆ ಅಂತ ನಾನೇ ಕೂತ್ಕೊಂಡು ಸಾಫ್ ಮಾಡ್ದೆ. ಪಕ್ಕದ್ದು ತಗೊಂಡು ತುಂಬಿಸ್ಬಿಟ್ಟೆ. ಅದಕ್ಕೆ ಕಾಸು ಬೇಡ, ಮಕ್ಕಳ ಕೆಲಸ ಅಲ್ವಾ’ ಎಂದರು.

ಆ ಮುಖದಲ್ಲಿದ್ದ ಸಂತೋಷ ನೋಡಿ ನಾನಾಗಿದ್ದರೆ ಸುತ್ತಿಕೊಂಡು ಬಂದುಬಿಡುತ್ತಿದ್ದೆ. ಮೇಡಂ ಅದನ್ನು ತುಂಬಾ ಹೊತ್ತು ನೋಡಿದರು. ನಿಜಕ್ಕೂ ಚೆನ್ನಾಗಿ ಮಾಡಿದ್ದೀರಿ ಎಂದು ಹೊಗಳಿದರು. ಆಮೇಲೆ, ಇಲ್ಲಿ ಏನಿದೆ ಅಂತ ನೋಡಿದವರು ಭೂಮಿ ಮೇಲೆ ಯಾರೂ ಇಲ್ಲ, ನೀವೂ ನೋಡಿಲ್ಲ ನಾನೂ ನೋಡಿಲ್ಲ, ಆದ್ದರಿಂದ ಮತ್ತೆ ಕಪ್ಪು ಮಾಡಿಕೊಡಿ, ಹೊಸದಾಗಿ ಹಾಕುವುದಕ್ಕೆ ದುಡ್ಡು ನಾನು ಕೊಡುತ್ತೇನೆ ಎಂದರು. ಮುಬಾರಕ್ ನನ್ನ ಕಡೆ ತಿರುಗಿ, ಎಲ್ಲರೂ ಬಂದು ಮುಖದ ಮೇಲಿನ ಕಪ್ಪು ತೆಗಿ ಅಂತಾರೆ, ಕಪ್ಪು ಹಾಕು ಅಂದ ಗಿರಾಕಿ ಇವರೊಬ್ಬರೇ ಎಂದು ಗೊಣಗಿದರು. ಆದರೂ ಹಾಕಿಕೊಟ್ಟರು. ಪ್ರದರ್ಶನದ ದಿನ ಬಂದವರೆಲ್ಲ ನೋಡಿದ್ದು ಆ ಪಟ್ಟಿಗಳನ್ನೇ. ಪ್ರಿಂಟು ಕೆಟ್ಟಿದೆ ಎಂದು ಹೇಳಿ ಹೋದರು.

ಅದೇ ವರ್ಷ ಮೇಡಂ ಅವರ ಅತ್ತೆ ಮುನಿಯಮ್ಮ ಹಾಸಿಗೆ ಹಿಡಿದರು. ಮಗ ಹೋಗಿ ಹನ್ನೆರಡು ವರ್ಷ ಯಾವತ್ತೋ ಕಳೆದಿತ್ತು. ಅಷ್ಟು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು ಕರ್ಮ ಮಾಡಿಬಿಡಬಹುದು ಎಂದು ಪುರೋಹಿತರು ಹೇಳಿದ್ದರು. ಹೆಂಡತಿ ಒಪ್ಪಬೇಕು, ಅಷ್ಟೇ ಬಾಕಿ. ಮುನಿಯಮ್ಮನಿಗೆ ಒಂದೇ ಚಿಂತೆ. ಸತ್ತಿದ್ದರೆ ನನ್ನ ಮಗ ನೀರಿಲ್ಲದೆ ಎಲ್ಲಿ ಅಲೆಯುತ್ತಿದ್ದಾನೋ, ನಾನು ಹೋಗುವುದರೊಳಗೆ ಅವನಿಗೊಂದು ಗತಿ ಕಾಣಿಸಿ ಎಂದು. ಮೈದುನ ಹೇಳಿದರು, ಅವರ ಹೆಂಡತಿ ಸರೋಜಮ್ಮ ಹೇಳಿದರು, ರಾಯಲ್ಪಾಡಿನಿಂದ ಅಣ್ಣಂದಿರೂ ಬಂದು ಹೇಳಿದರು. ನಾನು ನೋಡಲು ಹೋದ ದಿನ ಮುದುಕಿ ಸೊಸೆಯ ಕೈ ಹಿಡಿದುಕೊಂಡು, ‘ಒಕ್ಕ ಮಾಟ ಚೆಪ್ಪು ತಲ್ಲೀ,’ ಒಂದು ಮಾತು ಹೇಳು ತಾಯಿ, ಎಂದು ಕೇಳುತ್ತಿದ್ದರು. ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ. ಗಂಜಿ ಕುಡಿಸಿದರು, ಮೈ ಒರೆಸಿದರು, ಸೀರೆ ಬದಲಾಯಿಸಿದರು. ಆ ಒಂದು ಮಾತು ಮಾತ್ರ ಹೇಳಲಿಲ್ಲ. ಮುನಿಯಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಸೊಸೆಯ ಕಡೆ ತಿರುಗಲೇ ಇಲ್ಲವಂತೆ. ಹಾಗೇ ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯುವವರಿಗೆ ಒಂದು ಹ್ಞೂ ಅನ್ನುವುದಕ್ಕೆ ಏನು ಕಷ್ಟ? ಬೊಂಬೆ ಸುಟ್ಟ ಮಾತ್ರಕ್ಕೆ ಇರುವವನು ಸಾಯುತ್ತಾನೆಯೇ? ಹದಿಮೂರನೆಯ ದಿನ ಕಳೆದು ಅವರು ಕಾಲೇಜಿಗೆ ಬಂದಾಗ ಲ್ಯಾಬಿನ ಬಾಗಿಲು ಮುಂದೆ ಮಾಡಿ ಕೇಳಿಯೇಬಿಟ್ಟೆ. ಸಾರ್ ಬಂದೇ ಬರ್ತಾರೆ ಅಂತ ಕಾಯ್ತಾ ಇದ್ದೀರಾ ಮೇಡಂ ಎಂದೆ. ಅವರು ದಾರದಿಂದ ಒಂದು ಪಟ್ಟಿ ಬಿಚ್ಚುತ್ತಿದ್ದವರು ಹಾಗೇ ನಿಂತರು.

‘ಕಾಯ್ತಿಲ್ಲ ಕಣೇ. ಕಾಯೋದು ಯಾವತ್ತೋ ನಿಂತೋಯ್ತು. ಬರ್ತಾರೆ ಅಂತ ಕೆಂಪು ಇಟ್ಕೊಳ್ಳಲಾ, ಬರಲ್ಲ ಅಂತ ಅಳಿಸ್ಲಾ? ಎರಡೂ ನಂಗೆ ಗೊತ್ತಿಲ್ಲ. ಗೊತ್ತಿಲ್ಲದೆ ಆಯಮ್ಮನ ಹತ್ರ ನಿಮ್ಮ ಮಗ ಸತ್ತ ಅಂತ ಹೇಗೆ ಹೇಳ್ಲಿ?’

ನಕ್ಷೆಯ ಪಟ್ಟಿಗಳನ್ನೂ ಅವರ ಬದುಕನ್ನೂ ಸೇರಿಸಿ ಗೆರೆ ಎಳೆಯುತ್ತಿರುವವಳು ನಾನು. ಅವರು ಒಂದು ದಿನವೂ ಹಾಗೆ ಎಳೆದವರಲ್ಲ. ನಾನು ಎಳೆದದ್ದು ಕಂಡಿದ್ದರೆ ರಬ್ಬರು ತೆಗೆದುಕೊಳ್ಳುತ್ತಿದ್ದರೇನೋ. ಆದರೆ ಅವರನ್ನು ನೆನೆಸಿಕೊಂಡರೆ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ, ಏನು ಮಾಡಲಿ?

ನಿವೃತ್ತರಾದ ಮೇಲೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೋಲಾರ, ಬೆಂಗಳೂರು ಎಲ್ಲ ಸುತ್ತಿ ಕೊನೆಗೆ ಶ್ರೀನಿವಾಸಪುರದ ಮನೆಗೇ ಬಂದರು. ಅತ್ತೆ ಹೋದಮೇಲೆ ಮಾತು ಬಿಟ್ಟಿದ್ದ ಸರೋಜಮ್ಮನೇ ಬಂದು ನೋಡಿಕೊಳ್ಳುತ್ತಿದ್ದರು. ಮಾತು ಮಾತ್ರ ಆಗಲೂ ಅಷ್ಟಕ್ಕಷ್ಟೇ. ನಾನು ಕೊನೆಯ ಸಲ ಹೋದದ್ದು ಮಾವಿನ ಕಾಲದಲ್ಲಿ. ಬೀದಿಯಲ್ಲಿ ಲೋಡು ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಒಂದೊಂದು ಲಾರಿ ಹೋದಾಗಲೂ ಅವರು ಮಾತು ನಿಲ್ಲಿಸಿ, ಶಬ್ದ ಕಡಿಮೆಯಾದ ಮೇಲೆ ಮುಂದುವರಿಸುತ್ತಿದ್ದರು. ಕೈ ಕಡ್ಡಿಯಾಗಿತ್ತು. ಹಣೆಯ ಮೇಲೆ ಬೊಟ್ಟು ಇತ್ತು, ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ನಮ್ಮ ನೌಕೆ ಯಾವಾಗ ಹೊರಡುತ್ತಂತೆ ಎಂದು ಕೇಳಿದರು. ಇನ್ನೂ ಕೆಲವು ವರ್ಷ ಆಗುತ್ತೆ ಮೇಡಂ ಎಂದೆ.

‘ನೀನಿರ್ತೀಯಲ್ಲ. ಚಿತ್ರ ಬಂದಾಗ ನಮ್ಮ ಆ ಪಟ್ಟಿ ತೆಗೆದು ನೋಡು. ಕಾಲುವೆ ಸೇರಿದ್ರೆ ಸೇರಿಸು. ಸೇರ್ದೆ ಇದ್ರೆ ಹಾಗೇ ಬಿಡು. ಆದ್ರೆ ನೋಡು, ಮರೀಬೇಡ.’

ಆಗಲಿ ಎಂದೆ. ಇನ್ನೊಂದು ಲಾರಿ ಹೋಯಿತು. ಅದು ಹೋದ ಮೇಲೆ ಸೂರಿನ ಕಡೆ ನೋಡುತ್ತಾ ಹೇಳಿದರು.

‘ಅತ್ತೆಗೆ ಅವತ್ತು ಹ್ಞೂ ಅಂದಿದ್ರೆ ನಂದೇನು ಗಂಟು ಹೋಗ್ತಿತ್ತು ಅಂತ ದಿನಾ ಅನ್ಕೊಳ್ತೀನಿ ಕಣೇ. ಆದ್ರೆ ಈಗ ಬಂದು ಕೇಳಿದ್ರೂ ಬಾಯಿಗೆ ಬರಲ್ಲ.’

ನಾನು ಅವರ ಕಾಲು ಒತ್ತುತ್ತಾ ಕೂತೆ. ಹೊರಡುವಾಗ ಬಸ್ಸಿನಲ್ಲಿ ಎಡಗಡೆ ಕೂತ್ಕೋ ಎಂದರು.

ಸುದ್ದಿ ಬಂದದ್ದು ಮುಂದಿನ ವಾರ. ನಾನು ಹೋಗುವಷ್ಟರಲ್ಲಿ ಅವರನ್ನು ಹೊರಗೆ ತಂದು ಹಿತ್ತಿಲ ಕಡೆ ಸೀರೆ ಮರೆಮಾಡಿ ಮಲಗಿಸಿದ್ದರು. ಸ್ನಾನ ಮಾಡಿಸುವ ಹೊತ್ತು. ಬಿಸಿನೀರು ಕಾದಿತ್ತು. ಆದರೆ ಯಾರೂ ಮುಂದೆ ಬಂದಿರಲಿಲ್ಲ. ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ಸರೋಜಮ್ಮನ ಕೈಯಲ್ಲಿ ತಟ್ಟೆ, ಅದರಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಒಂದು ಮೊಳ ಹೂವು. ನನ್ನನ್ನು ಕಂಡು ಹತ್ತಿರ ಬಂದರು. ಅತ್ತು ಅತ್ತು ಅವರ ಮುಖ ಊದಿಕೊಂಡಿತ್ತು.

‘ಮುತ್ತೈದೆ ಆದ್ರೆ ಅರಿಶಿನ ಹಚ್ಚಿ ಮಡ್ಲು ತುಂಬಿಸಿ ಕಳಿಸ್ಬೇಕು ಕಣಮ್ಮ. ಅಲ್ದಿದ್ರೆ ಇದನ್ನ ಮುಟ್ಟಿಸೋ ಹಂಗಿಲ್ಲ. ನಮ್ಮ ಯಜಮಾನ್ರು ನಂಗೊತ್ತಿಲ್ಲ ಅಂತ ಆಚೆ ಹೋಗಿ ಕೂತವ್ರೆ. ನಿನ್ನ ಹತ್ರ ಅಕ್ಕ ಎಲ್ಲಾ ಹೇಳ್ಕೊಳ್ತಿತ್ತು. ನೀನೇ ಹೇಳು, ನಾವು ಹಂಗೇ ಮಾಡ್ತೀವಿ.’

ಎಲ್ಲರೂ ನನ್ನ ಕಡೆ ತಿರುಗಿದರು. ತಟ್ಟೆ ಹಿಡಿದ ಸರೋಜಮ್ಮನ ಕೈ ಅರ್ಧಕ್ಕೇ ನಿಂತಿತ್ತು. ಸ್ಟಾಫ್ ರೂಮಿನಲ್ಲಿ ಅಷ್ಟು ವರ್ಷ ನೋಡಿದ್ದ ಕೈ ಅದು. ಆದರೆ ಈ ಸಲ ಲ್ಯಾಬಿಗೆ ಬೀಗ ಹಾಕಬೇಕೆಂದು ಎದ್ದುಹೋಗಲು ಮೇಡಂಗೆ ಆಗುವಂತಿರಲಿಲ್ಲ. ನಾನು ಏನು ಹೇಳಿದರೆ ಅದೇ ಆಗುತ್ತಿತ್ತು. ಮುತ್ತೈದೆ ಎಂದಿದ್ದರೆ ಅಲ್ಲಿದ್ದವರೆಲ್ಲ ನೆಮ್ಮದಿಯಾಗಿ ಉಸಿರುಬಿಡುತ್ತಿದ್ದರು. ಹೂ ಮುಡಿಸಿಕೊಂಡು ಚೆಂದವಾಗಿ ಹೋಗಲಿ ಎಂದು ನನಗೂ ಆ ಕ್ಷಣ ಬಲವಾಗಿ ಅನ್ನಿಸಿತು. ಅವರ ಹಣೆ ನೋಡಿದೆ. ಬಾಯಿ ತೆರೆದೆ.

‘ತೆಲೀದು’ ಎಂದೆ.

ನನಗೆ ತೆಲುಗಿನಲ್ಲಿ ನೆಟ್ಟಗೆ ನಾಲ್ಕು ಮಾತು ಬರುವುದಿಲ್ಲ. ಸರೋಜಮ್ಮ ತಟ್ಟೆಯನ್ನು ಹಿಂದಿದ್ದವರ ಕೈಗೆ ಕೊಟ್ಟು ಒಳಗಿಡಿ ಎಂದರು. ತಾವೇ ಸೆರಗು ಸಿಕ್ಕಿಸಿ ಕೂತು ತಂಬಿಗೆಯಲ್ಲಿ ನೀರು ಹಾಕಿದರು. ಒದ್ದೆ ಬಟ್ಟೆಯಲ್ಲಿ ಅಕ್ಕನ ಕೆನ್ನೆ ಒರೆಸಿದರು, ಕಣ್ಣು ಒರೆಸಿದರು, ಗದ್ದ ಒರೆಸಿದರು. ಹಣೆಗೆ ಬಂದಾಗ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಆ ಕಪ್ಪು ಬೊಟ್ಟನ್ನು ಮುಟ್ಟದೆ ಅದರ ಸುತ್ತ ಮಾತ್ರ ಒರೆಸಿದರು.